ಮನೆ ಶೆಡ್ಡಲ್ಲಿ ಕಾರ್ ಲಿಫ್ಟ್: ಕಂಬ ಎಲ್ಲಿ ನಿಲ್ಲಿಸ್ಬೇಕು?

ಮನೆ ಶೆಡ್ಡಲ್ಲೇ ಎರಡು ಕಂಬದ ಕಾರ್ ಲಿಫ್ಟ್ ಹಾಕಿಸೋ ಯೋಚನೆ ಇದ್ಯಾ? ಕಿರ್ಲೋಸ್ಕರ್ ಲೇತ್ ತಯಾರಾಗ್ತಿದ್ದ ಹರಿಹರದಲ್ಲಿ ಯಾವ ಹಳೇ ಫಿಟರ್‌ನ ಕೇಳಿದ್ರೂ ಗೊತ್ತಿರುತ್ತೆ: ಮೊದಲು ಪಾಯ, ಆಮೇಲೆ ಮಷಿನ್.

ದಾವಣಗೆರೆ ಸುತ್ತ ಎರೆಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ; ಮೇಲಿನ ಕಾಂಕ್ರೀಟೂ ಬಿರುಕು ಬಿಡುತ್ತೆ. ಕಂಬಗಳನ್ನ ಹಿಡಿದಿರೋದು ಆ ಕಾಂಕ್ರೀಟಲ್ಲಿ ಕೂತ ಆ್ಯಂಕರ್ ಬೋಲ್ಟುಗಳು. ಹಾಗಾಗಿ ಬಿರುಕಿನ ಪಕ್ಕ, ಅಂಚಿನ ಹತ್ತಿರ, ಟೈಲ್ಸ್ ಮೇಲೆ ಬೋಲ್ಟ್ ಬೇಡ. ಕಾಂಕ್ರೀಟ್ ಎಷ್ಟು ದಪ್ಪ ಬೇಕು ಅನ್ನೋದು ಲಿಫ್ಟಿನ ಮ್ಯಾನ್ಯುಯಲ್‌ನಲ್ಲೇ ಇರುತ್ತೆ. ಹೊಸದಾಗಿ ಹಾಕಿಸಿದ್ರೆ 28 ದಿನ ಕಾಯಿರಿ.

ಇನ್ನು ಜಾಗ. ಕಂಬಗಳ ನಡುವೆ ಬರಬೇಕಾದ್ದು ಕಾರಿನ ಉದ್ದದ ಮಧ್ಯ ಅಲ್ಲ, ತೂಕದ ಮಧ್ಯ. ಎಂಜಿನ್ ಮುಂದಿರೋ ಕಾರಲ್ಲಿ ತೂಕ ಮುಂದಕ್ಕಿರುತ್ತೆ. ಸಾಮಾನ್ಯವಾಗಿ ಕಂಬದ ಹಿಂದೆ ಹೆಚ್ಚು ಜಾಗ ಬೇಕು. ಮೇಲಕ್ಕೂ ಅಳೀರಿ: 5 ಅಡಿ ಎತ್ತರದ ಕಾರನ್ನ 6 ಅಡಿ ಎತ್ತಿದ್ರೆ 11 ಅಡಿ. 10 ಅಡಿ ಸೀಲಿಂಗಿಗೆ ಟಾಪ್ ಬಡಿಯುತ್ತೆ.

ಕೊನೆಗೆ, ಚಕ್ರ ನೆಲ ಬಿಟ್ಟ ತಕ್ಷಣ ನಿಲ್ಲಿಸಿ, ಕಾರನ್ನ ಅಲುಗಾಡಿಸಿ ನೋಡಿ. ಅದರ ಕೆಳಗೆ ನಿಲ್ಲೋರು ನೀವೇ ತಾನೇ?