ಪಾರ್ಶ್ವವಾಯು ಮತ್ತು ಗಡಿಯಾರ



ನಮ್ಮ ಹಿರಿಯರು ಪಾರ್ಶ್ವವಾಯುವೆಂದು ಕರೆದ ರೋಗದ ಹೆಸರಿನಲ್ಲಿ ವಾಯುವಿದೆ. ಅದರ ಮೂಲವಾದರೋ ಮಿದುಳಿನ ರಕ್ತನಾಳದಲ್ಲಿದೆ. ಹೆಸರನ್ನು ನಂಬಿ ಎಣ್ಣೆ ತಿಕ್ಕುತ್ತ ಕುಳಿತರೆ ಹೊತ್ತು ಮೀರುತ್ತದೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರನ ಬಾಯಿ ಸೊಟ್ಟಗಾಯಿತೆನ್ನಿ. ಎತ್ತಿದ ಒಂದು ಕೈ ತಾನಾಗಿ ಜಾರಿತು, ಮಾತು ತೊದಲಿತು. ಈ ಮೂರರಲ್ಲಿ ಒಂದು ಹಠಾತ್ತನೆ ಕಂಡರೂ 108ಕ್ಕೆ ಕರೆ ಮಾಡಬೇಕು. ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬಾರದು. ನುಂಗುವ ಶಕ್ತಿ ಕುಂದಿರಬಹುದು. ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ತಿಳಿಯದು. ಕಟ್ಟಿದ್ದರೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು; ಒಡೆದಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು.

ಆ ಎಣಿಕೆ ರೋಗಿ ಕೊನೆಯದಾಗಿ ಸರಿಯಾಗಿದ್ದ ಗಳಿಗೆಯಿಂದಲೇ ಆರಂಭವಾಗುತ್ತದೆ. ಅದನ್ನು ಬಲ್ಲವನು ಪಕ್ಕದ ಯಂತ್ರದ ಬಳಿ ನಿಂತಿದ್ದ ಗೆಳೆಯ. ಪೀಣ್ಯದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಊರನ್ನೇ ದಾಟಬೇಕು. ಆದ್ದರಿಂದ ಹಗಲಿರುಳೂ ಸ್ಕ್ಯಾನ್ ಮತ್ತು ಈ ಚಿಕಿತ್ಸೆ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದೆಂಬುದನ್ನು ಕಾರ್ಖಾನೆಯವರು ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆಸಿಡಲಿ. ಪಾಳಿಯ ಲೆಕ್ಕಕ್ಕೆ ಗಡಿಯಾರ ನೋಡುವವರು ಅಂದು ಗೆಳೆಯನಿಗಾಗಿಯೂ ನೋಡಲಿ. ಆ ಗಳಿಗೆಯನ್ನು ಚೀಟಿಯಲ್ಲಿ ಬರೆದು ಅವನೊಡನೆ ಕಳುಹಿಸಲಿ.