ಕ್ವಾಶಿಯೋರ್ಕರ್: ತಾಯಂದಿರ ಮಾತಿನಿಂದ ಬಂದ ಹೆಸರು



ವೈದ್ಯಶಾಸ್ತ್ರದ ಪಾರಿಭಾಷಿಕ ಪದಗಳಲ್ಲಿ ಬಹುಪಾಲು ಗ್ರೀಕ್ ಅಥವಾ ಲ್ಯಾಟಿನ್ ಮೂಲದವು. ಅವುಗಳ ನಡುವೆ ಪಶ್ಚಿಮ ಆಫ್ರಿಕಾದ ಜನಭಾಷೆಯೊಂದರ ಪದವೂ ಮಕ್ಕಳ ವೈದ್ಯಗ್ರಂಥಗಳಲ್ಲಿ ನೆಲೆಯಾಗಿದೆ. ಅದು ‘ಕ್ವಾಶಿಯೋರ್ಕರ್’. ಇಂದಿನ ಘಾನಾ ದೇಶದ ಅಕ್ರಾ ನಗರದ ಸುತ್ತ ಬಳಕೆಯಲ್ಲಿರುವ ಗಾ ಭಾಷೆಯ ಮಾತು. ಅದನ್ನು ಶಾಸ್ತ್ರಕ್ಕೆ ತಂದವರು ಡಾ. ಸಿಸಿಲಿ ವಿಲಿಯಮ್ಸ್ (1893–1992).

ಜಮೈಕಾದಲ್ಲಿ ಜನಿಸಿ ಆಕ್ಸ್‌ಫರ್ಡಿನಲ್ಲಿ ಓದಿದ ವಿಲಿಯಮ್ಸ್, 1929ರಲ್ಲಿ ಬ್ರಿಟಿಷ್ ವಸಾಹತು ವೈದ್ಯಕೀಯ ಸೇವೆಯ ಮೂಲಕ ಗೋಲ್ಡ್ ಕೋಸ್ಟ್‌ಗೆ ಹೋದರು. ಘಾನಾದ ಅಂದಿನ ಹೆಸರು ಅದು. ಅಲ್ಲಿ ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ವಿಚಿತ್ರ ವ್ಯಾಧಿಯೊಂದನ್ನು ಅವರು ಕಂಡರು. ಕೈಕಾಲು ಬಾತುಕೊಳ್ಳುತ್ತಿದ್ದವು, ಕೂದಲು ಕೆಂಚಗಾಗುತ್ತಿತ್ತು, ಚರ್ಮವು ಕಪ್ಪು ಕಲೆಗಟ್ಟಿ ಸುಲಿಯುತ್ತಿತ್ತು. ಮಗು ಆಟ ಬಿಟ್ಟು ಸದಾ ರಚ್ಚೆ ಹಿಡಿಯುತ್ತಿತ್ತು. ಬಾವಿನಿಂದ ಮೈ ತುಂಬಿದಂತೆ ಕಾಣುತ್ತಿದ್ದುದರಿಂದ ಇದು ಆಹಾರದ ಕೊರತೆಯೆಂದು ಮೇಲ್ನೋಟಕ್ಕೆ ತೋಚುವಂತಿರಲಿಲ್ಲ. ಅನೇಕ ಮಕ್ಕಳು ಸಾಯುತ್ತಿದ್ದವು.

ವಿಲಿಯಮ್ಸ್ ರೋಗಿಯ ಮೈಯನ್ನು ಪರೀಕ್ಷಿಸಿದ್ದಲ್ಲದೆ ಮನೆಯ ಊಟವನ್ನೂ ವಿಚಾರಿಸಿದರು. ಎದೆಹಾಲು ಬಿಟ್ಟ ಮಗುವಿಗೆ ದೊರೆಯುತ್ತಿದ್ದುದು ಹುಳಿಸಿದ ಮೆಕ್ಕೆಜೋಳದ ಅಂಬಲಿ. ಅದರ ಹೊರತು ಹೆಚ್ಚೇನೂ ಇಲ್ಲ. 1933ರ ತಮ್ಮ ಲೇಖನದಲ್ಲಿ ಅವರು ಈ ವ್ಯಾಧಿಯನ್ನು ಮೆಕ್ಕೆಜೋಳದ ಆಹಾರಕ್ಕೆ ಸಂಬಂಧಿಸಿದ ಪೋಷಣಾದೋಷವೆಂದು ವರ್ಣಿಸಿ, ಪ್ರೋಟೀನಿನ ಕೊರತೆಯೂ ಕಾರಣವಿರಬಹುದೆಂದು ಎಚ್ಚರಿಕೆಯಿಂದ ಸೂಚಿಸಿದರು. ಇದು ಹೊಸ ರೋಗವಲ್ಲ, ಆಗಲೇ ತಿಳಿದಿದ್ದ ಪೆಲ್ಲಾಗ್ರವೇ ಎಂದು ಉಷ್ಣವಲಯದ ರೋಗಗಳ ತಜ್ಞರಾದ ಸ್ಟಾನಸ್ ವಾದಿಸಿದರು. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿಲಿಯಮ್ಸ್ ಮತ್ತೆ ಬರೆದರು. ಈ ಬಾರಿ ಗಾ ಭಾಷೆಯ ಪದವನ್ನೇ ಶೀರ್ಷಿಕೆಯಲ್ಲಿಟ್ಟರು.

ಆ ಪದದ ಅರ್ಥವೇನು? ಮತ್ತೊಂದು ಕೂಸು ಹುಟ್ಟಿದಾಗ ಮೊದಲಿನ ಮಗುವಿಗೆ ಬರುವ ಬೇನೆ. ಮಡಿಲು ತಪ್ಪಿದ ಮಗುವಿನ ರೋಗ ಎನ್ನಬಹುದು. ವೈದ್ಯರು ಇನ್ನೂ ಹುಡುಕುತ್ತಿದ್ದ ಸಂಗತಿಯನ್ನು, ಅಂದರೆ ಬೇನೆ ಯಾವ ಮಗುವಿಗೆ, ಯಾವಾಗ ಬರುತ್ತದೆ ಎಂಬುದನ್ನು, ಅಕ್ಷರವರಿಯದ ತಾಯಂದಿರು ಎಂದೋ ಗುರುತಿಸಿ ಹೆಸರಿಟ್ಟಿದ್ದರು.

ಹೆಸರು ಉಳಿಯಿತು; ಕಾರಣದ ಚರ್ಚೆ ಮುಂದುವರಿಯಿತು. ಅದರ ಒಂದು ಎಳೆ ನೀಲಗಿರಿಗೂ ಬರುತ್ತದೆ. ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಈ ರೋಗದ ಬಗ್ಗೆ ಕೆಲಸ ಮಾಡಿದರು. 1958ರಲ್ಲಿ ಆ ಸಂಸ್ಥೆ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಒಂದೇ ಬಗೆಯ ಊಟ ಉಂಡ ಮಕ್ಕಳಲ್ಲಿ ಕೆಲವರು ಬಾತುಕೊಳ್ಳುತ್ತಾರೆ, ಕೆಲವರು ಎಲುಬುಗೂಡಾಗುತ್ತಾರೆ. ಆದುದರಿಂದ ಪ್ರೋಟೀನಿನ ಕೊರತೆಯೊಂದರಿಂದಲೇ ಇದನ್ನು ವಿವರಿಸಲಾಗದು ಎಂದು ಅವರು 1968ರಲ್ಲಿ ವಾದಿಸಿದರು. ಮೂಲಕಾರಣ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಗಾ ತಾಯಂದಿರ ಹೆಸರು ಮಾತ್ರ ತಪ್ಪಾಗಲಿಲ್ಲ. ಅದು ಯಾವ ಪೋಷಕಾಂಶವನ್ನೂ ಹೆಸರಿಸಿರಲಿಲ್ಲ, ಮಗುವಿನ ಪಾಡನ್ನಷ್ಟೇ ಹೇಳಿತ್ತು.

ವಿಲಿಯಮ್ಸ್ ಅವರ ಮುಂದಿನ ಬದುಕೂ ಘನವಾದದ್ದು. 1939ರಲ್ಲಿ ಸಿಂಗಪುರದಲ್ಲಿ, ಎದೆಹಾಲಿನ ಬದಲು ಸಿಹಿ ಡಬ್ಬಿಹಾಲನ್ನು ತಾಯಂದಿರಿಗೆ ಮಾರುವ ಪ್ರಚಾರವನ್ನು ಕೊಲೆಗೆ ಹೋಲಿಸಿ ಅವರು ಭಾಷಣ ಮಾಡಿದರು. ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ–ಮಕ್ಕಳ ಆರೋಗ್ಯ ವಿಭಾಗದ ಮೊದಲ ಮುಖ್ಯಸ್ಥರಾದರು.

ಗಡಿನಾಡಿನ ಕನ್ನಡ ಶಾಲೆಯ ಶಿಕ್ಷಕರಿಗೆ ಈ ಕಥನ ಹತ್ತಿರದ್ದು. ಆರೋಗ್ಯ ಕಾರ್ಯಕರ್ತೆಯ ಪ್ರಶ್ನೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬಂದಾಗ, ಕನ್ನಡವಷ್ಟೇ ಬಲ್ಲ ತಾಯಿ ‘ಹೌದು’ ಎಂದು ತಲೆಯಾಡಿಸಿ ಸುಮ್ಮನಾಗುವುದುಂಟು. ‘ದೃಷ್ಟಿಯಾಗಿದೆ’, ‘ಮಗು ಸೊರಗಿದೆ’ ಎಂಬ ಆಕೆಯ ಮಾತು ನಮೂನೆಯ ಯಾವ ಅಂಕಣದಲ್ಲೂ ಹಿಡಿಯದು. ಆ ಮಾತನ್ನು ನಗೆಯಾಡದೆ ಕೇಳಿ, ಯಾವಾಗಿನಿಂದ, ಏನು ಉಣ್ಣುತ್ತದೆ ಎಂದು ವಿಚಾರಿಸಿ, ರಾಜ್ಯಭಾಷೆಯಲ್ಲಿ ಕಾರ್ಯಕರ್ತೆಗೆ ತಲುಪಿಸಬಲ್ಲವರು ಊರಿನಲ್ಲಿ ಹಲವು ಸಲ ಶಿಕ್ಷಕರೊಬ್ಬರೇ.

ಎರಡು ವರ್ಷದ ಮಗು ಶಾಲೆಗೆ ಬರುವುದಿಲ್ಲ, ಅದರ ಅಕ್ಕ ಬರುತ್ತಾಳೆ. ಮನೆಯಲ್ಲಿ ಹೊಸ ಕೂಸು ಹುಟ್ಟಿದ ಸುದ್ದಿಯನ್ನು ಆಕೆಯೇ ತರುತ್ತಾಳೆ. ಕೆಲವೊಮ್ಮೆ ಆಕೆಯ ಗೈರುಹಾಜರಿಯೇ ಆ ಸುದ್ದಿ. ಆಗ ತೊಟ್ಟಿಲ ಕೂಸಿನ ಜತೆಗೆ ಅದರ ಮೇಲಿನ ಮಗುವನ್ನೂ ವಿಚಾರಿಸಬೇಕು. ಆ ಮಗುವಿನ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಕುಳಿ ಹಾಗೆಯೇ ಉಳಿದರೆ, ತೂಕ ಸರಿಯಿದ್ದಂತೆ ಕಂಡರೂ ಅದನ್ನು ನಂಬಬಾರದು, ಏಕೆಂದರೆ ಮೈಯಲ್ಲಿ ನಿಂತ ನೀರೂ ತಕ್ಕಡಿಯಲ್ಲಿ ತೂಗುತ್ತದೆ. ಅಂಥ ಮಗುವನ್ನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.