ರೋಗಿಯ ಕೈಯಲ್ಲಿರಬೇಕಾದ ಮೊದಲ ಪತ್ರ
(ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿರುವ ಈ ಶುಭಸಂದರ್ಭದಲ್ಲಿ ಪೂರ್ವಿಕರ ವಿಶ್ವಾಸವನ್ನೂ ತ್ಯಾಗವನ್ನೂ ಕುರಿತು ಅನೇಕರು ಹೃದಯಂಗಮವಾಗಿ ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ಅಷ್ಟು ಉನ್ನತವಾದುದೆಂದು ತೋರದಿರಬಹುದು. ಅದು ಒಂದು ಹಾಳೆ ಕಾಗದದ ವಿಷಯ. ತಮ್ಮಲ್ಲಿ ದೊರೆಯದ ಚಿಕಿತ್ಸೆಗಾಗಿ ರೋಗಿಯನ್ನು ಖಾಸಗಿ ಆಸ್ಪತ್ರೆಗೆ ಕಳುಹಿಸುವಾಗ ಸರ್ಕಾರಿ ವೈದ್ಯರು ನೀಡುವ ಶಿಫಾರಸು ಪತ್ರವನ್ನು ಜನರು ರೆಫರಲ್ ಎನ್ನುತ್ತಾರೆ. ಅದನ್ನು ಸಕಾಲದಲ್ಲಿ ಪಡೆಯದೆ ಹೊಲ ಮಾರಿದವರೂ ಒಡವೆ ಅಡವಿಟ್ಟವರೂ ನಮ್ಮ ನಡುವೆಯೇ ಇರುವುದರಿಂದ, ಇದು ದೇವಾಲಯದ ಅಂಗಳದಲ್ಲಿ ಆಡತಕ್ಕ ಮಾತೇ ಎಂದು ನಾವು ಭಾವಿಸುತ್ತೇವೆ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ದಯಾಳು ಸಮಾರಿಯದವನನ್ನು ನಾವೆಲ್ಲರೂ ಬಲ್ಲೆವು. ಅವನು ಗಾಯಾಳುವಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಚ್ಚಿ ಪಟ್ಟಿ ಕಟ್ಟಿದನು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ; ಎಲ್ಲವನ್ನೂ ತಾನೇ ಮಾಡಬಲ್ಲೆನೆಂದೂ ಎಣಿಸಲಿಲ್ಲ. ಛತ್ರಕ್ಕೆ ಕರೆದೊಯ್ದು, ಛತ್ರದವನ ಕೈಗೆ ಒಪ್ಪಿಸಿ, ಎರಡು ನಾಣ್ಯ ಕೊಟ್ಟು, ಹೆಚ್ಚಿನ ಖರ್ಚಿಗೂ ತಾನೇ ಹೊಣೆಯೆಂದು ಹೇಳಿ ಹೊರಟನು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿಯನ್ನು ಜವಾಬ್ದಾರಿಯಿಂದ ಒಪ್ಪಿಸುವುದೆಂದರೆ ಇದೇ. ವೈದ್ಯರ ಪತ್ರವೂ ಅಂತಹ ಒಪ್ಪಿಸುವಿಕೆಯೇ ಹೊರತು ಭಿಕ್ಷೆಯ ಚೀಟಿಯಲ್ಲ.

ನಮ್ಮ ಜನರಲ್ಲಿ ಒಂದು ಹಳೆಯ ರೂಢಿಯುಂಟು. ದೊಡ್ಡ ಕಾಯಿಲೆ ಬಂದೊಡನೆ ಗುರುಗಳ ಮನೆಗೆ ಬಂದು, “ಸ್ವಾಮಿ, ಬೆಂಗಳೂರಿನ ನಮ್ಮ ಆಸ್ಪತ್ರೆಗೆ ಒಂದು ಕಾಗದ ಬರೆದುಕೊಡಿ” ಎಂದು ಕೇಳುವುದು. ಈ ರೂಢಿಗೆ ಆಧಾರವಿಲ್ಲದೆ ಇಲ್ಲ. ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಂದ ಎಷ್ಟೋ ತಲೆಮಾರಿನ ರೋಗಿಗಳು ಇಂತಹ ಸೇವಾಸಂಸ್ಥೆಗಳ ಬಾಗಿಲಿಗೆ ಹೋಗಿ ಗುಣವಾಗಿ ಬಂದಿದ್ದಾರೆ. ಗುರುಗಳ ಪತ್ರಕ್ಕೆ ಅದರದೇ ಆದ ಬೆಲೆಯುಂಟು. ಅದು ರೋಗಿಯ ಬಡತನಕ್ಕೆ ಸಾಕ್ಷಿ ಹೇಳಬಲ್ಲದು. ಆದರೆ ಸರ್ಕಾರವು ಭರಿಸಬೇಕಾದ ಹಣವನ್ನು ಅದು ತಂದುಕೊಡಲಾರದು. ಅದಕ್ಕೆ ವೈದ್ಯರ ಪತ್ರವೇ ಬೇಕು, ಅದೂ ಮೊದಲೇ ಬೇಕು.

ಇದು ಏಕೆಂಬುದನ್ನು ಸ್ವಲ್ಪ ವಿವರಿಸಲಿಚ್ಛಿಸುತ್ತೇವೆ. ನಮ್ಮ ರಾಜ್ಯದಲ್ಲಿ 2018ರ ಮಾರ್ಚ್ ತಿಂಗಳಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಜಾರಿಗೆ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದಾಯಿತು. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದಲ್ಲಿ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ಈ ಯೋಜನೆಯ ಹೆಬ್ಬಾಗಿಲು ಖಾಸಗಿ ಆಸ್ಪತ್ರೆಯಲ್ಲ, ಸರ್ಕಾರಿ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವ ಸಾಧಾರಣ ಚಿಕಿತ್ಸೆಯನ್ನು ಅಲ್ಲಿಯೇ ಪಡೆಯಬೇಕು. ಅಲ್ಲಿ ದೊರೆಯದ ಕ್ಲಿಷ್ಟ ಚಿಕಿತ್ಸೆಯಾದರೆ ಮಾತ್ರ ಅಲ್ಲಿನ ವೈದ್ಯರು ರೆಫರಲ್ ಕೊಡುತ್ತಾರೆ. ಅದನ್ನು ಪಡೆದ ಮೇಲೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಯಾವುದಕ್ಕೆ ಹೋಗಬೇಕೆಂಬ ಆಯ್ಕೆ ರೋಗಿಯದು.

ಇದನ್ನು ತಿಳಿಯದವರು ಮಾಡುವುದೇನು? ತಾಲ್ಲೂಕು ಆಸ್ಪತ್ರೆಯಲ್ಲಿ ಸಾಲು ನಿಲ್ಲಬೇಕೆಂದು ಬೇಸರಪಟ್ಟು, ನಲವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ನೇರವಾಗಿ ಹೋಗಿ ಯಾವುದೋ ಖಾಸಗಿ ಆಸ್ಪತ್ರೆಗೆ ಸೇರುತ್ತಾರೆ. ಮುಂಗಡ ಕಟ್ಟುತ್ತಾರೆ. ಮೂರನೆಯ ದಿನ ಹಣ ಮುಗಿದಾಗ ಯಾರೋ ಕಾರ್ಡಿನ ಮಾತೆತ್ತುತ್ತಾರೆ. ಆಗ ಮಗನು ರೆಫರಲ್‌ಗಾಗಿ ಊರಿಗೆ ಓಡಿಬರುತ್ತಾನೆ. ರೋಗಿಯನ್ನು ಪರೀಕ್ಷಿಸದೆ ವೈದ್ಯರು ಹೇಗೆ ತಾನೇ ಬರೆದುಕೊಡಬಲ್ಲರು? ಇಲ್ಲಿ ವೈದ್ಯರದು ಕಾಠಿಣ್ಯವೂ ಅಲ್ಲ, ಮಗನದು ಅಪರಾಧವೂ ಅಲ್ಲ. ಹೇಳುವವರಿಲ್ಲದೆ ಹೋದದ್ದೇ ಕಾರಣ.

ಆದುದರಿಂದ ಈ ಕ್ರಮವನ್ನು ತಾವು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಮೊದಲನೆಯದಾಗಿ, ಊರಿನಲ್ಲಿ ನಿಮ್ಮನ್ನು ನೋಡುತ್ತಿರುವ ಖಾಸಗಿ ವೈದ್ಯರಿಂದ ರೋಗದ ವಿವರ ಬರೆಸಿಕೊಳ್ಳಿರಿ: ತೊಂದರೆ ಎಂದಿನಿಂದ ಇದೆ, ಯಾವ ಔಷಧ ಕೊಟ್ಟಿದ್ದಾರೆ, ಯಾವ ಔಷಧ ಮೈಗೆ ಒಗ್ಗದು, ಯಾವ ಪರೀಕ್ಷೆಗಳಾಗಿವೆ ಎಂಬುದು ಅದರಲ್ಲಿರಲಿ. ಅವರ ಪತ್ರ ಯೋಜನೆಯ ರೆಫರಲ್ ಆಗದಿದ್ದರೂ ಮುಂದಿನ ವೈದ್ಯರಿಗೆ ದಾರಿದೀಪವಾಗುತ್ತದೆ. ಎರಡನೆಯದಾಗಿ, ಆ ಪತ್ರದೊಡನೆ ಪಡಿತರ ಚೀಟಿ ಮತ್ತು ಆಧಾರ್ ಹಿಡಿದು, ರೋಗಿಯನ್ನೂ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಮೂರನೆಯದಾಗಿ, ರೆಫರಲ್ ದೊರೆತ ಮೇಲೆ, ನೀವು ಆರಿಸಿದ ಆಸ್ಪತ್ರೆ ನಿಮ್ಮ ರೋಗದ ಚಿಕಿತ್ಸೆಗೇ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿರಿ. ಹೃದಯಕ್ಕೆ ಇರುವ ಆಸ್ಪತ್ರೆ ಮೂಳೆಗೆ ಇಲ್ಲದಿರಬಹುದು. ನಾಲ್ಕನೆಯದಾಗಿ, ಅಲ್ಲಿ ತಲಪಿದೊಡನೆ ಆರೋಗ್ಯಮಿತ್ರರನ್ನು ಕಾಣಿರಿ. ಅವರು ಚಿಕಿತ್ಸೆಗೆ ಮುಂಚಿತವಾಗಿ ಯೋಜನೆಯ ಅನುಮತಿ ಪಡೆಯಲು ನೆರವಾಗುತ್ತಾರೆ.

ಒಂದು ಎಚ್ಚರಿಕೆಯ ಮಾತು. ಪ್ರಾಣಕ್ಕೆ ಕುತ್ತು ಬಂದಾಗ ಪತ್ರಕ್ಕಾಗಿ ಕಾಯಬಾರದು. ಹೃದಯಾಘಾತ, ಭಾರೀ ಅಪಘಾತ ಮುಂತಾದ ತುರ್ತು ಚಿಕಿತ್ಸೆಗಳದೇ ಒಂದು ಪ್ರತ್ಯೇಕ ಪಟ್ಟಿ ಯೋಜನೆಯಲ್ಲಿದೆ. ಅವುಗಳಿಗೆ ರೆಫರಲ್ ಇಲ್ಲದೆಯೇ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಸೇರಬಹುದು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕಾಗದವು ಮನುಷ್ಯನಿಗಾಗಿಯೇ ಹೊರತು ಮನುಷ್ಯನು ಕಾಗದಕ್ಕಾಗಿ ಅಲ್ಲ.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿಯೂ ಸಿದ್ಧಉಡುಪು ಕಾರ್ಖಾನೆಗಳಲ್ಲಿಯೂ ದುಡಿಯುತ್ತಿರುವ ನಮ್ಮ ತಂಗಿಯರೂ ತಮ್ಮಂದಿರೂ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಂಬಳದಿಂದ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿದ್ದರೆ ನಿಮ್ಮ ದಾರಿ ಬೇರೆ. 1948ರ ಕಾಯಿದೆಯಂತೆ ಆರಂಭವಾದ ಈ ವಿಮೆಯಲ್ಲಿ ಇ.ಎಸ್.ಐ. ಚಿಕಿತ್ಸಾಲಯವೇ ಮೊದಲ ಮೆಟ್ಟಿಲು, ಅಲ್ಲಿಂದ ಇ.ಎಸ್.ಐ. ಆಸ್ಪತ್ರೆ, ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಒಪ್ಪಂದದ ಖಾಸಗಿ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಇದು ದಾನವಲ್ಲ, ನಿಮ್ಮ ಬೆವರಿನಿಂದ ಕಟ್ಟಿದ ಹಣದ ಹಕ್ಕು. ವಯಸ್ಸಾದ ಅವಲಂಬಿತ ತಂದೆತಾಯಿಯರಿಗೂ ಅದರ ವೈದ್ಯಕೀಯ ಸೌಲಭ್ಯವುಂಟೆಂಬುದನ್ನು ಎಷ್ಟೋ ಮನೆಗಳಲ್ಲಿ ಅರಿತಿಲ್ಲ.

ಇಷ್ಟು ಹೇಳಿದ ಮೇಲೆ ಧರ್ಮಕೇಂದ್ರವು ಮಾಡಬೇಕಾದುದೇನೆಂಬ ಪ್ರಶ್ನೆ ಉಳಿಯುತ್ತದೆ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಒಝಾನಾಮ್ ಎಂಬ ವಿದ್ಯಾರ್ಥಿಯೂ ಅವನ ಗೆಳೆಯರೂ ಸೇರಿ ಬಡವರ ಸೇವೆಗೆಂದು ಆರಂಭಿಸಿದ ಕೂಟವೇ ಇಂದಿನ ಸಂತ ವಿನ್ಸೆಂಟ್ ದ ಪೌಲರ ಸಂಸ್ಥೆ. ಬಡವರ ಮನೆಗೆ ಸ್ವತಃ ಹೋಗಿ ಕಾಣುವುದೇ ಅವರ ಮೊದಲ ನಿಯಮವಾಗಿತ್ತು. ನಾವು ಇನ್ನೊಂದು ಹೆಜ್ಜೆ ಮುಂದಿಡೋಣ; ಮನೆಗೆ ಹೋಗಿ ಕಂಡ ರೋಗಿಯ ಜೊತೆ ಆಸ್ಪತ್ರೆಯವರೆಗೂ ನಡೆಯೋಣ. ಓದುಬರಹ ಬಲ್ಲ ಯುವಕ ಯುವತಿಯರು ಬ್ಲಾಕಿಗೊಬ್ಬರಂತೆ ಈ ಹೊಣೆ ಹೊತ್ತರೆ ಸಾಕು. ಹಣವನ್ನು ನಾವು ಕೇಳುತ್ತಿಲ್ಲ; ಒಂದು ಬೆಳಗಿನ ಹೊತ್ತನ್ನು ಕೇಳುತ್ತಿದ್ದೇವೆ. ಸಾಲಿನಲ್ಲಿ ಜೊತೆಗೊಬ್ಬರಿದ್ದರೆ ಅಜ್ಜಿ ಅರ್ಧ ದಾರಿಯಿಂದ ಹಿಂತಿರುಗುವುದಿಲ್ಲ.

ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು ಪ್ರತಿವರ್ಷ ಫೆಬ್ರುವರಿ 11ರಂದು ಲೂರ್ದು ಮಾತೆಯ ಹಬ್ಬದೊಡನೆ ಆಚರಿಸುತ್ತೇವೆ. ಅಂದು ರೋಗಿಗಳಿಗಾಗಿ ಪ್ರಾರ್ಥಿಸಿದ ಬಳಿಕ, ದೇವಾಲಯದ ಅಂಗಳದಲ್ಲಿ ಒಂದು ಮೇಜು ಹಾಕಿ, ಪ್ರತಿ ಮನೆಯ ಪಡಿತರ ಚೀಟಿ, ಆಧಾರ್, ಆರೋಗ್ಯ ಕಾರ್ಡು ಸರಿಯಾಗಿವೆಯೇ, ಹೆಸರುಗಳು ಹೊಂದುತ್ತವೆಯೇ ಎಂದು ನೋಡುವ ಪದ್ಧತಿಯನ್ನು ಈ ಶತಮಾನೋತ್ಸವದ ವರ್ಷದಿಂದಲೇ ಆರಂಭಿಸೋಣ. ಕಾಯಿಲೆ ಬಂದ ದಿನ ಹೆಸರಿನ ಒಂದು ಅಕ್ಷರ ತಿದ್ದಿಸಲು ಅಲೆಯುವುದಕ್ಕಿಂತ ಆರೋಗ್ಯವಿದ್ದಾಗ ತಿದ್ದಿಸುವುದು ಲೇಸು.

ನಮ್ಮ ಪೂರ್ವಿಕರು ಕಲ್ಲು ಹೊತ್ತು ಈ ಗುಡಿಯನ್ನು ಕಟ್ಟಿದರು. ನಾವು ಒಬ್ಬರ ಭಾರವನ್ನೊಬ್ಬರು ಹೊತ್ತು ಅದನ್ನು ಉಳಿಸಬೇಕಾಗಿದೆ. ರೋಗಿಗಳ ಆರೋಗ್ಯವಾದ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಬೇಡಿಕೊಳ್ಳಲಿ. ಕ್ರಿಸ್ತಪ್ರಭು ನಮ್ಮ ಮನೆಗಳನ್ನು ಹರಸಲಿ.